ಎಟುಕದ ಕೈ

ಆ ಊರಿಗೆ ಇದ್ದದ್ದು ಒಂದೇ ರಸ್ತೆ. ಅದು ಮನೆಗಳನ್ನೆಲ್ಲ ಒಂದು ಸುತ್ತು ಹಾಕಿ, ಹೊರಟಲ್ಲಿಗೇ ಬಂದು ಸೇರುತ್ತಿತ್ತು. ಹೋಗಲು ಬೇರೆ ಊರಿಲ್ಲ, ಬರಲು ಬೇರೆ ಜನವಿಲ್ಲ. ಹಾಗಿದ್ದೂ ಮನೆಗೊಂದು ಕಾರಿತ್ತು. ಬಾಗಿಲ ಮುಂದೆ ನಿಂತೇ ಇರುತ್ತಿತ್ತು. ಓಡಿಸುವುದಕ್ಕಿಂತ ಅದನ್ನು ಕಾಯುವುದೇ ಆ ಊರಿನವರಿಗೆ ದೊಡ್ಡ ಕೆಲಸ.

ಊರಿನ ಪಡುವಣಕ್ಕೆ ಒಂದು ಬೋಳುಗುಡ್ಡ. ದಿನ ತಪ್ಪದೆ ಗಾಳಿ ಆ ಗುಡ್ಡದ ಧೂಳನ್ನು ಹೊತ್ತು ತಂದು, ದೊಡ್ಡವರ ಕಾರು ಸಣ್ಣವರ ಕಾರು ಎಂದು ನೋಡದೆ, ಎಲ್ಲದರ ಮೇಲೂ ಒಂದೇ ಸಮನಾಗಿ ಹಾಸಿ ಹೋಗುತ್ತಿತ್ತು. ಬೆಳಕು ಹರಿಯುತ್ತಲೇ ಮನೆಮನೆಯ ಬಾಗಿಲೂ ತೆರೆಯುತ್ತಿತ್ತು. ಯಜಮಾನಿಕೆ ಯಾರದೋ ಅವರು ಒಣಬಟ್ಟೆ ಹಿಡಿದು ಬರುತ್ತಿದ್ದರು. ಮೊದಲು ಒರೆಸುವುದು. ಆಮೇಲೆ ನೋಡುವುದು. ಆಮೇಲೆ ಪಕ್ಕದ ಮನೆಯ ಕಿಟಕಿಯ ಕಡೆ ನೋಡುವುದು. ಹಲ್ಲುಜ್ಜುವುದು ಮರೆತರೂ ಇದನ್ನು ಮರೆಯುತ್ತಿರಲಿಲ್ಲ. ಒದ್ದೆಬಟ್ಟೆಯಲ್ಲಿ ಒರೆಸಬಾರದೇ ಎಂದು ಕೇಳುವ ಹಾಗೂ ಇರಲಿಲ್ಲ. ನೀರು ಬಿದ್ದರೆ ಗೀರು ಕಾಣುವುದಿಲ್ಲ. ಹಾಗಾದರೆ ನೀರು ಹಾಕುವವನಿಗೆ ಏನೋ ಮುಚ್ಚಿಡುವುದಿದೆ ಎಂದೇ ಅರ್ಥ. ಆದ್ದರಿಂದ ಮರ್ಯಾದಸ್ಥರೆಲ್ಲ ಒಣಬಟ್ಟೆಯಲ್ಲೇ ಒರೆಸುತ್ತಿದ್ದರು.

ಕಟ್ಟಳೆಯೂ ಒಂದೇ. ಗೀರಿದ್ದರೆ ಅದರ ಹಿಂದೆ ಒಂದು ಕೈ ಇರಲೇಬೇಕು. ಗೀರು ಕಂಡ ದಿನ ಹೊತ್ತು ಮುಳುಗುವುದರೊಳಗೆ ಆ ಕೈ ಯಾರದೆಂದು ಹೇಳಿಬಿಡಬೇಕು. ಹೇಳುವವಳು ಗೀರು ನೋಡುವವಳು. ಅವಳು ಯಾರ ಹೆಸರು ಹೇಳಿದಳೋ ಅವರ ಬಲಗೈಗೆ ಕರಿಬಟ್ಟೆ ಕಟ್ಟುವವಳೂ ಅವಳೇ. ಮೂರು ಸುತ್ತು, ಒಂದು ಗಂಟು. ಆ ಗಂಟು ಹಾಕುವುದೂ ಬಿಚ್ಚುವುದೂ ಅವಳಿಗಲ್ಲದೆ ಇನ್ನೊಬ್ಬರಿಗೆ ಬಾರದು. ಕಟ್ಟಿದ ಕೈಯಿಂದ ಯಾರೂ ನೀರು ಇಸಿದುಕೊಳ್ಳರು, ಉಪ್ಪು ಇಸಿದುಕೊಳ್ಳರು. ಆ ಕೈ ಮಗುವಿನ ತಲೆ ಸವರುವಂತಿಲ್ಲ. ಹೆಸರು ಹೇಳದೆಯೇ ಹೊತ್ತು ಮುಳುಗಿತೋ, ಗೀರು ನೋಡುವವಳ ಕೈಗೇ ಬಟ್ಟೆ. ಅಂಥದ್ದು ಒಮ್ಮೆಯೂ ಆಗಿರಲಿಲ್ಲ. ಊರೆಂದ ಮೇಲೆ ಹೆಸರುಗಳಿಗೇನು ಬರವೇ?

ಗೀರು ನೋಡುವವಳಿಗೆ ಈ ಕೆಲಸ ಬಂದದ್ದು ಅಪ್ಪನಿಂದ. ಅವನು ತೀರಿಕೊಂಡ ಮೇಲೆ ಅವನ ಹಿತ್ತಾಳೆ ಬೋಗುಣಿಯೂ ಕರಿಬಟ್ಟೆಯ ಗಂಟೂ ಇವಳ ಪಾಲಿಗೆ ಬಂದವು. ಮನೆಯಲ್ಲಿ ಇವಳು ಮತ್ತು ಅಮ್ಮ, ಇಬ್ಬರೇ. ಅಮ್ಮನ ಬಲಗೈಗೆ ಕರಿಬಟ್ಟೆ. ಅದನ್ನು ಕಟ್ಟಿದವನು ಅಪ್ಪನೇ, ಇವಳಿಗೆ ಆರು ವರ್ಷವಿದ್ದಾಗ, ತನ್ನದೇ ಕಾರಿನ ಮೇಲೆ ಕಂಡ ಗೀರಿಗಾಗಿ. ಹೆಂಡತಿಯೆಂದೂ ನೋಡದೆ ನ್ಯಾಯ ಹೇಳಿದ ಎಂದು ಊರು ಅವನನ್ನು ಇಂದಿಗೂ ಹೊಗಳುತ್ತದೆ. ಅಮಾವಾಸ್ಯೆಗೊಮ್ಮೆ ಹಳೆಯ ಬಟ್ಟೆ ತೆಗೆದು ಹೊಸದು ಕಟ್ಟುವಾಗ ಕಣ್ಣು ಮುಚ್ಚಿಕೊಂಡಿರಬೇಕು. ಆ ಅಂಗೈ ನೋಡಿದವರಿಗೂ ಗೀರುವ ಚಟ ಅಂಟುತ್ತದಂತೆ. ಹಾಗಾಗಿ ಮಗಳು ಅಮ್ಮನ ಅಂಗೈಯನ್ನು ಬೆರಳಲ್ಲಿ ಬಲ್ಲಳು, ಕಣ್ಣಲ್ಲಿ ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಊರ ಯಜಮಾನನಿಂದ ಕರೆ ಬಂತು. ಆಳು ಗಿಡ್ಡ, ದನಿ ದೊಡ್ಡದು. ಅವನ ಕಾರು ಕಪ್ಪು. ಹೆಂಡತಿ ಮಕ್ಕಳನ್ನೂ ನಂಬದೆ ಅದನ್ನು ತಾನೊಬ್ಬನೇ ಒರೆಸುತ್ತಿದ್ದ, ಬೆಳಿಗ್ಗೆಗೆ ಸಾಲದೆಂದು ಸಂಜೆಯೂ ಒರೆಸುತ್ತಿದ್ದ.

"ನೋಡಮ್ಮ, ಕಾರಿನ ಹೊಳಪೇ ಸತ್ತುಹೋಗಿದೆ," ಎಂದ. "ಯಾರೋ ಮೊದಲು ಕಣ್ಣಿಟ್ಟಿದ್ದಾರೆ, ಆಮೇಲೆ ಕೈ ಇಟ್ಟಿದ್ದಾರೆ. ಯಾರು ಅಂತ ನಂಗೊತ್ತು. ಆದ್ರೂ ನೀನೇ ನೋಡಿ ಹೇಳು."

"ಯಾರ ಮೇಲೆ ಗುಮಾನಿ, ಯಜಮಾನ್ರೇ?"

"ಇನ್ಯಾರು, ಆ ಬಳೆಗಾರ. ನಿನ್ನೆ ಮಧ್ಯಾಹ್ನ ಬಳೆ ಮಲಾರ ಇಳಿಸಿಕೊಂಡು ಇದರ ನೆರಳಲ್ಲೇ ಕೂತಿದ್ದ. ಇಡೀ ಊರಲ್ಲಿ ಬೇರೆ ನೆರಳಿರಲಿಲ್ವಾ ಅವನಿಗೆ? ನಿಂಗೇನನಿಸುತ್ತೆ?"

ಅವಳು ಬೋಗುಣಿಯಿಂದ ಬಾನೆಟ್ಟಿನ ಮೇಲೆ ನೀರು ಸುರಿದಳು. ಗೀರುಗಳು ಮಾಯವಾದವು. ಅಂದರೆ ಗಾಯ ಮೇಲಿನ ಪೊರೆಗಷ್ಟೇ ಆಗಿದೆ, ಬಣ್ಣದವರೆಗೆ ಇಳಿದಿಲ್ಲ. ನೀರು ಆರಿದ ಮೇಲೆ ಉಗುರನ್ನು ಅಡ್ಡಡ್ಡ ಎಳೆದಳು. ಉಗುರು ಎಲ್ಲೂ ತಡೆಯಲಿಲ್ಲ. ಬಗ್ಗಿ, ಬಾನೆಟ್ಟಿನಲ್ಲಿ ಮೂಡಿದ್ದ ಸೂರ್ಯನನ್ನು ನೋಡಿದಳು. ಅವನ ಸುತ್ತ ಜೇಡರಬಲೆಯ ಎಳೆಗಳಂತೆ ಸುತ್ತುಸುತ್ತಾಗಿ ಸಾವಿರ ಗೀರು. ಇಷ್ಟನ್ನು ಅವಳು ಊರಿನ ಎಷ್ಟೋ ಕಾರುಗಳ ಮೇಲೆ ಕಂಡಿದ್ದಳು, ಕಂಡು ಎಷ್ಟೋ ಹೆಸರು ಹೇಳಿದ್ದಳು. ಈ ಸಲ ಯಾಕೋ ಜಗಲಿಕಲ್ಲಿನ ಮೇಲೆ ಹತ್ತಿ ಕಾರಿನ ನೆತ್ತಿಯನ್ನೂ ನೋಡಿದಳು. ನೆತ್ತಿಯ ನಡುಮಧ್ಯೆ, ಒಂದು ಮೊಳ ಅಗಲಕ್ಕೆ, ಗೀರೇ ಇರಲಿಲ್ಲ. ಅಲ್ಲಿ ಧೂಳು ಊದಿದರೆ ಅಡಿಯಲ್ಲಿ ಬಣ್ಣ ಕನ್ನಡಿಯಂತೆ ಮಲಗಿತ್ತು. ಎರಡೂ ಬದಿಯಿಂದ ಹತ್ತಿ ಬಂದ ಗೀರುಗಳು ಆ ಜಾಗದ ಅಂಚಿಗೆ ಬಂದು ನಿಂತುಬಿಟ್ಟಿದ್ದವು.

"ಏನಮ್ಮ, ಆಯ್ತಾ?"

"ಹೊತ್ತು ಮುಳುಗೋದ್ರೊಳಗೆ ಹೇಳ್ತೀನಿ," ಎಂದು ಅವಳು ಇಳಿದು ಹೊರಟಳು. ಬೆನ್ನಿಗೆ ಯಜಮಾನನ ಕಣ್ಣು ನೆಟ್ಟಿರುವುದು ಅವಳಿಗೆ ಗೊತ್ತಾಗುತ್ತಿತ್ತು.

ಬಳೆಗಾರ ತನ್ನ ಮನೆಯ ಜಗಲಿಯ ಮೇಲೆ ಕೂತಿದ್ದ. ಮುದುಕನಾದರೂ ಎತ್ತರದ ಆಳು, ಉದ್ದನೆಯ ತೋಳು. ಮಲಾರ ಬಿಚ್ಚದೆ ಹಾಗೇ ಪಕ್ಕದಲ್ಲಿತ್ತು.

"ಬಾ ಕೂಸೇ," ಎಂದ. "ಸುದ್ದಿ ನಿನಗಿಂತ ಮುಂಚೇನೇ ಬಂತು. ಬೆಳಿಗ್ಗೆಯಿಂದ ಮೂರು ಮನೆಯವರು ನನ್ನ ಮುಖ ನೋಡಿ ಬಾಗಿಲು ಹಾಕ್ಕೊಂಡ್ರು."

"ತಾತ, ಆ ಕಾರಿಗೆ ಒರಗಿದ್ರಾ?"

"ನೆರಳಲ್ಲಿ ಕೂತಿದ್ದೆ ಅಷ್ಟೇ. ನೆರಳು ತಾಗಿದ್ರೂ ಗೀರು ಬೀಳುತ್ತಾ ಈಗ?"

ಅವಳು ಅವನ ಉಗುರುಗಳನ್ನು ನೋಡಿದಳು, ಸಂದಿಯಲ್ಲಿ ಕಪ್ಪು ಬಣ್ಣವೇನಾದರೂ ಸಿಕ್ಕಿಕೊಂಡಿದೆಯೇ ಎಂದು. ಅವಳು ನೋಡುತ್ತಿರುವುದು ಅವನ ಕಣ್ಣಿಗೆ ಬಿತ್ತು. ನಾಚಿಕೆಯಿಂದ ಅವಳ ಮುಖ ಸುಟ್ಟಂತಾಯಿತು. ಅವಳಿಗೆ ಹುಟ್ಟಾ ಮೊದಲ ಬಳೆ ತೊಡಿಸಿದ ಕೈ ಅದು.

"ನೋಡ್ಕೋ, ತಪ್ಪಿಲ್ಲ," ಎಂದು ಅವನೇ ಎರಡು ಕೈಯನ್ನೂ ಮುಂದೆ ಚಾಚಿದ. "ಆದ್ರೆ ಒಂದು ಮಾತು. ಬಳೆ ತೊಡಿಸೋಕೆ ಎರಡೂ ಕೈ ಬೇಕು ಕಣವ್ವಾ. ಒಂದು ಕೈ ಹೆಣ್ಮಗಳ ಗೆಣ್ಣು ಒತ್ತಿ ಹಿಡೀಬೇಕು, ಇನ್ನೊಂದು ನೋವಾಗದ ಹಾಗೆ ಬಳೆ ಏರಿಸಬೇಕು. ಬಲಗೈ ಕಟ್ಟಿದ್ರೆ ನಾನು ಇದ್ದೂ ಸತ್ತ ಹಾಗೆ. ನಿಮ್ಮಮ್ಮನ ಕೈ ಅಳತೆ ನಂಗಿನ್ನೂ ನೆನಪಿದೆ. ಬಟ್ಟೆ ಕಟ್ಟಿದ ಮೇಲೆ ಆ ಕೈಗೆ ಒಂದು ಬಳೇನೂ ಏರಿಸೋಕಾಗಲಿಲ್ಲ."

ಅವಳು ಒಂದು ಒಡೆದ ಬಳೆಚೂರು ಕೇಳಿ ಇಸಿದುಕೊಂಡಳು. ದಾರಿಯಲ್ಲಿ ಬಿದ್ದಿದ್ದ, ಬಣ್ಣ ಬಳಿದ ಹಳೆಯ ತಗಡಿನ ಮೇಲೆ ಅದರಿಂದ ಒಂದು ಗೀರೆಳೆದಳು. ಉಗುರು ಆಡಿಸಿದರೆ ಗಕ್ಕನೆ ತಡೆಯಿತು. ನೀರು ಹನಿಸಿದರೂ ಗೀರು ಮಾಯವಾಗಲಿಲ್ಲ. ಬಳೆ ಮಾಡುವ ಗಾಯವೇ ಬೇರೆ, ಆ ಕಾರಿನ ಮೇಲಿದ್ದದ್ದೇ ಬೇರೆ. ಹಾಗಾದರೆ ಆ ಕೈ ಯಾವುದು?

ಮನೆಗೆ ಬಂದವಳು ನೆಟ್ಟಗೆ ಅಪ್ಪನ ಕಾರಿನ ಹತ್ತಿರ ಹೋದಳು. ಅವನು ಸತ್ತಾಗಿನಿಂದ ಅದರ ಮೇಲೆ ಒಂದು ಟಾರ್ಪಾಲು. ಅದನ್ನು ಎಳೆದು ಬಿಸಾಕಿ, ನಾಲ್ಕು ಕೊಡ ನೀರು ಸುರಿದು, ಆರುವವರೆಗೆ ಕಾದಳು. ನೀರು ಆರುತ್ತ ಬಂದ ಹಾಗೆ ಗೀರುಗಳು ಒಂದೊಂದಾಗಿ ಮೇಲೆದ್ದವು. ಅದೇ ಬಲೆ, ಅದೇ ಸುತ್ತು. ಗೋಡೆಯ ಮೇಲೆ ಹತ್ತಿ ನೆತ್ತಿ ನೋಡಿದಳು. ಇಲ್ಲಿಯೂ ನಡುಮಧ್ಯೆ ಗೀರಿಲ್ಲದ ಪಟ್ಟಿಯಿತ್ತು, ಆದರೆ ನಾಲ್ಕೇ ಬೆರಳಗಲ. ಅಪ್ಪ ಎತ್ತರದ ಆಳು. ಅವನ ತೋಳು ಅಷ್ಟು ದೂರ ಹೋಗುತ್ತಿತ್ತು.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಮ್ಮ ಮಗಳ ಭುಜಕ್ಕೂ ಬರುತ್ತಿರಲಿಲ್ಲ.

"ಅಮ್ಮಾ, ಈ ಗೀರು ನೀನು ಎಳೆದಿದ್ದಾ?"

"ನಿಮ್ಮಪ್ಪ ಹೇಳಿದ್ರಲ್ಲ."

"ಅಪ್ಪ ಹೇಳಿದ್ದಲ್ಲ ಕೇಳ್ತಿರೋದು. ನಿನ್ನ ಕೈ ಅಲ್ಲಿಗೆ ಎಟುಕಲ್ಲ."

ಅಮ್ಮ ಹೊಸ್ತಿಲ ಮೇಲೆ ಕೂತಳು. "ಎಟುಕಲ್ಲ ಅಂತ ಅವರಿಗೂ ಗೊತ್ತಾಯ್ತು ಕಣೇ. ಅವತ್ತು ಸಾಯಂಕಾಲ ನನ್ನನ್ನ ಕಾರಿನ ಪಕ್ಕ ನಿಲ್ಲಿಸಿ, ಕೈ ಎತ್ತಿಸಿ ನೋಡಿದ್ರು. ನೋಡಿ, ಕೈ ಬಿಟ್ಟುಬಿಟ್ರು. ಮುಖ ಬೂದಿ ಆಗಿತ್ತು. ಅಷ್ಟೊತ್ತಿಗೆ ಊರೆಲ್ಲ ಬಾಗಿಲಿಗೆ ಬಂದಿತ್ತು, ಹೊತ್ತು ಮುಳುಗ್ತಾ ಇತ್ತು."

"ಗೊತ್ತಿದ್ದೂ ಕಟ್ಟಿದ್ರಾ?"

"ಯಾರದ್ದಾದ್ರೂ ಹೆಸರು ಹೇಳಲೇಬೇಕಿತ್ತಲ್ಲ. ಹೊರಗಿನವರದ್ದು ಹೇಳಿದ್ರೆ ಪಾಪ, ಮನೆಯವಳದ್ದಾದ್ರೆ ಮನೆಯೊಳಗೇ ಮುಗೀತದೆ ಅಂದ್ಕೊಂಡ್ರೇನೋ." ಅಮ್ಮ ಕಟ್ಟಿದ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ಮಾರನೇ ದಿನದಿಂದ ಅವರು ಕಾರು ಒರೆಸೋದು ಬಿಟ್ರು. ಯಾಕೆ ಅಂತ ನಾನು ಕೇಳಲಿಲ್ಲ."

ಮಗಳಿಗೆ ಅಪ್ಪನ ಮೇಲೆ ಇನ್ನಿಲ್ಲದ ಸಿಟ್ಟು ಬಂತು. ಸತ್ತವನ ಮೇಲೆ ಬಂದ ಸಿಟ್ಟನ್ನು ಏನು ಮಾಡುವುದು? ಅದು ತಿರುಗಿ ಅವಳ ಮೇಲೇ ಬಂತು. ತಾನು ಕಟ್ಟಿದ ಕೈಗಳು ಒಂದೊಂದೇ ಕಣ್ಣ ಮುಂದೆ ಬಂದವು: ಎಣ್ಣೆ ಗಾಣದವನದ್ದು, ಸೂಲಗಿತ್ತಿಯದ್ದು, ಗಂಡನೊಡನೆ ಜಗಳವಾಡಿದ್ದೇ ತಪ್ಪಾದ ಮೂಲೆಮನೆಯ ಸೊಸೆಯದ್ದು. ಒಂದು ಕೈಯನ್ನಾದರೂ ಎತ್ತಿಸಿ ಅಳತೆ ನೋಡಿದ್ದಳೇ? ಗುಮಾನಿಯ ಹೆಸರು ಜನರೇ ತಂದುಕೊಡುತ್ತಿದ್ದರು, ಇವಳು ಗಂಟು ಹಾಕುತ್ತಿದ್ದಳು.

ಹೊತ್ತು ಇಳಿಯುವಾಗ ಊರೆಲ್ಲ ಯಜಮಾನನ ಬಾಗಿಲಲ್ಲಿ ನೆರೆದಿತ್ತು. ಬಳೆಗಾರ ಒಂದು ಪಕ್ಕಕ್ಕೆ ಒಂಟಿಯಾಗಿ ನಿಂತಿದ್ದ. ಅವನ ಸುತ್ತ ಜನ ಜಾಗ ಬಿಟ್ಟುಕೊಂಡಿದ್ದರು.

"ತಾತ, ಕಾರಿನ ಪಕ್ಕ ನಿಂತು ನೆತ್ತಿ ಮೇಲೆ ಕೈ ಚಾಚಿ," ಎಂದಳು.

ಬಳೆಗಾರ ಚಾಚಿದ. ಅವನ ಬೆರಳು ಗೀರಿಲ್ಲದ ಜಾಗವನ್ನೂ ದಾಟಿ ಆಚೆ ಬದಿಗೆ ಹೋಯಿತು.

"ಯಜಮಾನ್ರೇ, ಈಗ ನೀವು. ದಿನಾ ಒರೆಸೋ ಹಾಗೆ ಒರೆಸಿ."

"ಇದೇನಮ್ಮ ಹೊಸ ಪದ್ಧತಿ?" ಎನ್ನುತ್ತಲೇ ಯಜಮಾನ ಹೆಗಲ ಮೇಲಿನ ಒಣಬಟ್ಟೆ ತೆಗೆದು ಒರೆಸಿದ. ಅವನ ಕೈ ಗೀರು ನಿಂತಲ್ಲಿಗೆ ಬಂದು ನಿಂತಿತು. ಆ ಬದಿಗೆ ಹೋಗಿ ಒರೆಸಿದ. ಅಲ್ಲಿಯೂ ಅಷ್ಟೇ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ.

ಜನರಲ್ಲಿ ಯಾರೋ ಕೆಮ್ಮಿದರು. ಗೀರು ನೋಡುವವಳು ಕೆಲಸಕ್ಕೆ ಕೂತಳು. ಬಾನೆಟ್ಟಿನ ಅರ್ಧಭಾಗಕ್ಕೆ ಧಾರಾಳವಾಗಿ ನೀರು ಬಿಟ್ಟು ಧೂಳನ್ನೆಲ್ಲ ಹರಿಸಿದಳು. ಮೆತ್ತನೆಯ ಒದ್ದೆಬಟ್ಟೆಗೆ ಮನೆಯಿಂದ ತಂದಿದ್ದ ಪಾಲಿಶ್ ತಗುಲಿಸಿಕೊಂಡು, ಅಂಗೈಯಗಲ ಅಂಗೈಯಗಲ ಜಾಗವನ್ನು ಉಜ್ಜುತ್ತ ಹೋದಳು. ಗೀರು ಕರಗಿತು. ಆ ಅರ್ಧದಲ್ಲಿ ಇಳಿಹೊತ್ತಿನ ಸೂರ್ಯ ಒಂದೂ ಎಳೆಯಿಲ್ಲದೆ, ದುಂಡಗೆ, ಕೆಂಪಗೆ ಕೂತ. ಜನ ಕತ್ತು ಚಾಚಿ ನೋಡಿದರು. ಹೊಚ್ಚಹೊಸದರ ಹಾಗಿತ್ತು.

"ಈಗ ಇಲ್ಲಿ ಒರೆಸಿ, ಯಜಮಾನ್ರೇ. ನಿಮ್ಮದೇ ಬಟ್ಟೆ, ನಿಮ್ಮದೇ ಕೈ."

ಯಜಮಾನ ಎರಡು ಸಲ ಒರೆಸಿದ. ದುಂಡಗಿದ್ದ ಸೂರ್ಯನ ಸುತ್ತ ಎಳೆಗಳು ಎದ್ದವು. ಅವಳು ಅವನ ಕೈಯಿಂದ ಬಟ್ಟೆ ಇಸಿದುಕೊಂಡು ಬೋಗುಣಿಯ ನೀರಿನಲ್ಲಿ ಅದ್ದಿ ಹಿಂಡಿ, ನೀರು ಚೆಲ್ಲಿ, ತಳದಲ್ಲಿ ಉಳಿದದ್ದನ್ನು ಅವನ ಬೆರಳಿಗೆ ಹಚ್ಚಿದಳು. ಬೆರಳು ಬೆರಳಿಗೆ ಉಜ್ಜಿದಾಗ ಕರಕರ ಎಂದಿತು. ಗುಡ್ಡದ ಕಲ್ಲು, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ.

"ಈ ಗೀರಿನ ಹಿಂದಿರೋ ಕೈ ಇದೇ," ಎಂದಳು. "ಯಾರು ಬಂದ್ರು ಅಂತ ನೋಡೋಕೆ ಒರೆಸಿದ್ದಕ್ಕೇ ಬಿದ್ದ ಗೀರು ಇದು. ಬೇರೆ ಯಾರೂ ಬಂದಿಲ್ಲ."

ನೆರೆದವರು ಒಬ್ಬೊಬ್ಬರೇ ತಮ್ಮ ಹೆಗಲ ಮೇಲಿನ ಒಣಬಟ್ಟೆಯನ್ನು ಮೆಲ್ಲಗೆ ಜಾರಿಸಿ ಬೆನ್ನ ಹಿಂದೆ ಹಿಡಿದುಕೊಂಡರು. ಯಜಮಾನನ ಕೈ ಕಟ್ಟಿದರೆ ನಾಳೆ ತಮ್ಮ ಸರದಿ ಎಂಬುದು ಅವರಿಗೆ ಬೇಗ ಹೊಳೆಯಿತು. ಇಂಥದ್ದರಲ್ಲಿ ಜನ ಬಲು ಚುರುಕು.

"ತನ್ನ ಕಾರಿಗೆ ತಾನೇ ಕೈ ಇಡೋನು ಉಂಟೇ?" ಎಂದ ಯಜಮಾನ. ದನಿ ಮಾತ್ರ ಮೊದಲಿನಷ್ಟು ದೊಡ್ಡದಿರಲಿಲ್ಲ. "ಕಟ್ಟಳೆ ಕೇಳೋದು ಬೇರೆಯವರ ಕೈನ."

"ಹೌದು, ಹೌದು," ಎಂದಿತು ಊರು.

"ಪಾಲಿಶ್‌ನಲ್ಲಿ ಏನು ಬೆರೆಸಿದ್ಲೋ," ಎಂದಿತು ಹಿಂದಿನಿಂದ ಒಂದು ದನಿ.

"ಅವರಮ್ಮಂದೂ ಕಟ್ಟಿದ ಕೈಯಲ್ವಾ," ಎಂದಿತು ಇನ್ನೊಂದು.

ಯಜಮಾನ ಹತ್ತಿರ ಬಂದು ಮೆತ್ತಗೆ ಹೇಳಿದ, "ಹೊತ್ತಿನ್ನೂ ಗುಡ್ಡದ ಮೇಲೆ ಒಂದು ಬೆರಳಷ್ಟಿದೆ. ಬಳೆಗಾರ ಅಂದುಬಿಡಮ್ಮ. ಮುಗಿದುಹೋಗುತ್ತೆ. ನಿನ್ನ ಕೈ ನೀನು ಉಳಿಸ್ಕೋ."

ಅವಳು ಗುಡ್ಡದ ಕಡೆ ನೋಡಿದಳು. ಭಯವಾಯಿತು. ಆ ಕೈಯಿಂದಲೇ ಅವಳ ಅನ್ನ. ಅಪ್ಪನೂ ಒಂದು ಸಂಜೆ ಹೀಗೇ ಈ ಗುಡ್ಡವನ್ನು ನೋಡಿದ್ದಿರಬೇಕು. ಬಳೆಗಾರ ತಲೆ ತಗ್ಗಿಸಿ ತನ್ನ ಬೆರಳುಗಳನ್ನೇ ನೋಡುತ್ತಿದ್ದ.

"ಹೆಸರು ಹೇಳಿದ್ದಾಯ್ತು," ಎಂದಳು. "ಇನ್ನೊಂದು ಹೆಸರು ನನ್ನ ಹತ್ರ ಇಲ್ಲ."

ಸೂರ್ಯ ಮುಳುಗಿದ. ಊರಿನ ಲೆಕ್ಕದಲ್ಲಿ ಹೆಸರು ಬಂದಿರಲಿಲ್ಲ, ಇನ್ನು ಬಟ್ಟೆ ಅವಳ ಕೈಗೇ. ಆದರೆ ಗಂಟು ಹಾಕಲು ಬರುವವಳು ಅವಳೊಬ್ಬಳೇ ಎಂಬುದು ಆಗ ಎಲ್ಲರಿಗೂ ನೆನಪಾಯಿತು. ಅವಳೇ ಜೊತೆಗೆ ತಂದಿದ್ದ ಕರಿಬಟ್ಟೆ ತೆಗೆದು, ಎಡಗೈಯಿಂದ ತನ್ನ ಬಲಗೈಗೆ ಮೂರು ಸುತ್ತು ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿಕೊಂಡಳು. ಜನ ದಾರಿ ಬಿಟ್ಟರು. ಅವಳು ಮನೆಗೆ ಹೋದಳು.

ಬೆಳಿಗ್ಗೆ ಎಚ್ಚರವಾದಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಕಿವಿಗೊಟ್ಟಳು. ಹುಟ್ಟಿದಾಗಿನಿಂದ ಬೆಳಗೆಂದರೆ ಅವಳಿಗೆ ಒಣಬಟ್ಟೆ ತಗಡಿನ ಮೇಲೆ ಆಡುವ ಸದ್ದು. ಇವತ್ತು ಅದಿರಲಿಲ್ಲ.

ಹೊರಗೆ ಬಂದು ನೋಡಿದಳು. ರಸ್ತೆಯುದ್ದಕ್ಕೂ ಕಾರುಗಳ ಮೇಲೆ ಧೂಳು ಹಾಸಿದ್ದು ಹಾಸಿದ ಹಾಗೇ ಇತ್ತು. ಪ್ರತಿಯೊಂದರ ಪಕ್ಕಕ್ಕೂ ಒಬ್ಬೊಬ್ಬರು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತು ಆ ಧೂಳನ್ನು ನೋಡುತ್ತಿದ್ದರು. ಒಂದು ಬೆರಳ ಗುರುತೂ ಇರಲಿಲ್ಲ. ಬೆಕ್ಕು ನಡೆದ ಹೆಜ್ಜೆಯೂ ಇರಲಿಲ್ಲ. ಯಾರೂ ಅವಳನ್ನು ಮಾತಾಡಿಸಲಿಲ್ಲ, ಅವಳು ಸರಿ ಎಂದು ಯಾರೂ ಹೇಳಲಿಲ್ಲ. ಯಜಮಾನ ಮಾತ್ರ ಅವಳ ಮುಖ ನೋಡದೆ ಹೇಳಿದ.

"ರಾತ್ರಿ ಯಾರೂ ಬಂದ ಹಾಗಿಲ್ಲ."

"ಇಲ್ಲ, ಯಜಮಾನ್ರೇ."

"ಹಾಗಾದ್ರೆ ಇಷ್ಟು ವರ್ಷ?"

ಯಜಮಾನನ ಕಣ್ಣು ಎದುರುಮನೆಯ ಎಣ್ಣೆ ಗಾಣದವನ ಕಟ್ಟಿದ ಕೈಯ ಮೇಲೆ ಹೋಗಿ, ಅಲ್ಲಿ ನಿಲ್ಲಲಾರದೆ ನೆಲಕ್ಕೆ ಬಿತ್ತು.

ಅವಳು ಮನೆಗೆ ವಾಪಸಾಗಿ ಅಮ್ಮನ ಮುಂದೆ ಕೂತು ಆಕೆಯ ಕಟ್ಟಿದ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಬಿಚ್ಚುವ ಬಗೆ ಮಗಳಿಗೆ ಗೊತ್ತು, ಆದರೆ ಅವಳಿಗಿದ್ದದ್ದು ಒಂದು ಎಡಗೈ. ಅಮ್ಮನಿಗೂ ಒಂದು ಎಡಗೈ. "ಈ ಎಳೆ ಹಿಡ್ಕೋ, ನಾನು ಅದನ್ನ ಎಳೀತೀನಿ," ಎನ್ನುತ್ತ ಎರಡು ಎಡಗೈಗಳು ತಡವರಿಸಿ ತಡವರಿಸಿ ಗಂಟು ಬಿಚ್ಚಿದವು. ಈ ಸಲ ಮಗಳು ಕಣ್ಣು ಮುಚ್ಚಲಿಲ್ಲ. ಅಂಗೈ ಬಿಳಿಚಿಕೊಂಡಿತ್ತು, ಮೆತ್ತಗಿತ್ತು, ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಅದರಲ್ಲಿ ಏನೂ ಇರಲಿಲ್ಲ, ಎಲ್ಲರ ಅಂಗೈಯಲ್ಲೂ ಇರುವ ಗೆರೆಗಳಷ್ಟೇ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಅತ್ತಳು.

ಅಮ್ಮ ಅಳಲಿಲ್ಲ. ಎದ್ದು, ಬೀದಿಗೆ ಬಂದು, ಗಂಡನ ಕಾರಿನ ಪಕ್ಕಕ್ಕೆ ನಿಂತಳು. ಅದರ ಮೇಲೂ ಒಂದು ರಾತ್ರಿಯ ಧೂಳಿತ್ತು. ಕಟ್ಟಿದ ಕೈ ಬಿಚ್ಚಿಕೊಂಡು ಬಂದವಳನ್ನು ಕಂಡು ಊರು ಗಕ್ಕನೆ ತಿರುಗಿತು. ಬಳೆಗಾರ ಜಗಲಿಯಿಂದ ಎದ್ದು ನಿಂತ. ಅಮ್ಮ ಬಲಗೈಯನ್ನು ಮೇಲೆತ್ತಿ ಕಾರಿನ ನೆತ್ತಿಯ ಮೇಲೆ ಚಾಚಿದಳು. ಬೆರಳುಗಳು ಧೂಳಿನಲ್ಲಿ ಅಂಚಿನಿಂದ ಒಂದಿಷ್ಟೇ ದೂರ ಹೋಗಿ ನಿಂತವು. ತುದಿಗಾಲಲ್ಲಿ ನಿಂತು ಇನ್ನೂ ಚಾಚಿದಳು. ಐದು ಬೆರಳ ಗುರುತು ಒಂದು ಗೇಣು ಮುಂದೆ ಹೋಯಿತು, ಅಷ್ಟೇ. ಅದರಾಚೆ ನೆತ್ತಿಯೆಲ್ಲ ಹಾಗೇ ಉಳಿದಿತ್ತು.

"ನೋಡ್ಕೊಳ್ಳಿ," ಎಂದಳು ಅಮ್ಮ, ಕೈಯನ್ನು ಅಲ್ಲೇ ಇಟ್ಟುಕೊಂಡು. "ಅವತ್ತೂ ಇಷ್ಟೇ ಎಟುಕ್ತಿತ್ತು."